ಕವಡೆ, ಮೊಬೈಲು ಮತ್ತು ಗಣಿತ

ಮಕ್ಕಳ ಕೈಗೆ ಮೊಬೈಲ್ ಕೊಡಬೇಕೇ ಬೇಡವೇ ಎಂಬ ಚರ್ಚೆ ಮನೆಮನೆಯಲ್ಲೂ ಇದೆ. ಕೊಟ್ಟ ಮೇಲೆ ಅದರಲ್ಲಿ ಏನು ಮಾಡಿಸುತ್ತೇವೆ ಎಂಬುದು ನನಗೆ ಹೆಚ್ಚು ಮುಖ್ಯ.

ಒಂದು ಉದಾಹರಣೆ: ಚೌಕಾಬಾರ ಎಂಬ ಕವಡೆಯಾಟ ನಮಗೆಲ್ಲ ಗೊತ್ತು. ನಾಲ್ಕು ಕವಡೆ ಎಸೆದರೆ ಅವು 16 ಬಗೆಯಲ್ಲಿ ಬೀಳಬಹುದು. ಎರಡು ಬೀಳುವುದಕ್ಕೆ 6 ದಾರಿ. ಎಲ್ಲ ಕವಡೆಯ ಬಾಯಿ ಮೇಲಾಗಿ ನಾಲ್ಕು ಬೀಳುವುದಕ್ಕೆ ಒಂದೇ, ಎಲ್ಲವೂ ಬೋರಲಾಗಿ ಎಂಟು ಬೀಳುವುದಕ್ಕೂ ಒಂದೇ. ನಾಲ್ಕೋ ಎಂಟೋ ಬಿದ್ದಾಗ ಮಕ್ಕಳು ಕುಣಿಯುವುದು ಅದಕ್ಕೇ. ಸಂಭವನೀಯತೆಯ ಪಾಠ ಅಲ್ಲಿಂದಲೇ ಶುರುವಾಗಲಿ. ಮೊಬೈಲಿನ ಸ್ಪ್ರೆಡ್‌ಶೀಟಿನಲ್ಲಿ ಕ್ಷಣಮಾತ್ರದಲ್ಲಿ ಸಾವಿರ ಸಲ ಎಸೆದು ನೋಡಬಹುದು. ಆದರೆ ಅದು ಎರಡೂ ಮಗ್ಗುಲಿಗೆ ಸಮಾನ ಅವಕಾಶ ಉಂಟೆಂದು ಭಾವಿಸಿದ ಲೆಕ್ಕ. ನಿಜವಾದ ಕವಡೆಯ ಬೆನ್ನು ಉಬ್ಬು, ಬಾಯಿಯ ಕಡೆ ಚಪ್ಪಟೆ. ನೂರು ಸಲ ಎಸೆದು ಬರೆದಿಟ್ಟರೆ ಅಂಕಿಗಳು ಬೇರೆಯಾಗಬಹುದು. 'ಯಾಕೆ?' ಎಂದು ಮಗು ಕೇಳಿದ ಗಳಿಗೆಯಲ್ಲಿ ಗಣಿತದ ಪಕ್ಕ ವಿಜ್ಞಾನವೂ ಬಂದು ಕೂತಿರುತ್ತದೆ.

ಮೊಬೈಲಿನೊಳಗೆ ವೇಗೋತ್ಕರ್ಷ ಅಳೆಯುವ ಸಂವೇದಕವೂ ಇದೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯ ರೂಪಿಸಿದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಅದನ್ನು ಬಳಸಿ ಉಯ್ಯಾಲೆಯ ತೂಗಾಟವನ್ನು ಗ್ರಾಫಾಗಿ ಬಿಡಿಸುತ್ತದೆ. ನೊಬೆಲ್ ವಿಜೇತ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಆರಂಭಿಸಿದ ಫೆಟ್ ಎಂಬ, ಪರದೆಯ ಮೇಲೆ ಮಾಡುವ ಪ್ರಯೋಗಗಳೂ ಜಾಲತಾಣದಲ್ಲಿ ಉಚಿತವೇ.

ಉತ್ತರ ಒತ್ತಿದರೆ ನಾಣ್ಯ ಉದುರಿಸುವ ಆಟಗಳು ಮಾತ್ರ ನನಗೆ ಹಿಡಿಸುವುದಿಲ್ಲ. ಅಲ್ಲಿ ಬೆರಳು ಚುರುಕಾಗುತ್ತದೆ, ಪ್ರಶ್ನೆ ಹುಟ್ಟುವುದಿಲ್ಲ.

ಈ ಭಾನುವಾರ ಮಕ್ಕಳೊಂದಿಗೆ ಕವಡೆ ಹಿಡಿದು ಕೂತುಕೊಳ್ಳಿ. ಪ್ರತಿ ಎಸೆತವನ್ನೂ ಅವರ ಕೈಯಲ್ಲೇ ಬರೆಸಿ.