ತುದಿ ಬದಲಾದ ಮಧ್ಯಾಹ್ನ

1999ರ ಫೆಬ್ರವರಿ 7, ದೆಹಲಿಯ ಕೋಟ್ಲಾ ಮೈದಾನ. ಟೆಸ್ಟ್ ಪಂದ್ಯದಲ್ಲಿ ಪಾಕಿಸ್ತಾನದ ಆರಂಭಿಕರಿಬ್ಬರೇ ನೂರು ದಾಟಿಸಿದ್ದರು. ನಮ್ಮ ಅನಿಲ್ ಕುಂಬ್ಳೆಗೆ ಊಟದ ವಿರಾಮದವರೆಗೂ ಒಂದು ವಿಕೆಟ್ಟೂ ಇಲ್ಲ. ನಾಯಕ ಅಜರುದ್ದೀನ್ ಕುಂಬ್ಳೆಯವರ ಕೈಬಿಡಲಿಲ್ಲ. ಊಟವಾದ ಮೇಲೆ ಪೆವಿಲಿಯನ್ ತುದಿಯಿಂದ ಬೌಲ್ ಮಾಡಿಸಿದರು. ಆಮೇಲಿನದು ಗೊತ್ತೇ ಇದೆಯಲ್ಲ: 26.3 ಓವರ್, 74 ರನ್, ಹತ್ತೂ ವಿಕೆಟ್. ಒಂಬತ್ತು ಬಿದ್ದ ಮೇಲೆ ಜಾವಗಲ್ ಶ್ರೀನಾಥ್ ಹತ್ತನೆಯದೂ ಕುಂಬ್ಳೆಗೇ ಸಿಗಲೆಂದು ಇನ್ನೊಂದು ತುದಿಯಿಂದ ಬೇಕೆಂದೇ ಸ್ಟಂಪಿನಾಚೆ ಎಸೆದರು. ನನಗೇನೋ ಆ ಓವರ್ ಮೇಲೇ ಹೆಚ್ಚು ಪ್ರೀತಿ.

ಟೆಸ್ಟಿನಲ್ಲಿ ನಾಯಕನಿಗೆ ಅಜರುದ್ದೀನ್‌ರಂತೆ ಕಾಯಲು ಹೊತ್ತಿದೆ. ಏಕದಿನದಲ್ಲಿ ಒಬ್ಬ ಬೌಲರ್‌ಗೆ 10 ಓವರ್, ಟಿ20ಯಲ್ಲಿ ನಾಲ್ಕೇ. ಅಲ್ಲಿ ಒಳ್ಳೆಯ ಬೌಲರನ್ನು ಕೊನೆಯ ಓವರುಗಳಿಗೆಂದು, ತಿಂಗಳ ಕೊನೆಯ ಸಕ್ಕರೆಯಂತೆ, ಎತ್ತಿಡಬೇಕು. ಅಂದು ಕೋಟ್ಲಾದಲ್ಲಿ ಟಿ20ಯ ಲೆಕ್ಕವೇ ಇದ್ದಿದ್ದರೆ, ಕುಂಬ್ಳೆ ಊಟಕ್ಕೆ ಮುಂಚೆಯೇ ತಮ್ಮ ಪಾಲು ಮುಗಿಸಿ ಬರಿಗೈಯಲ್ಲಿ ಫೀಲ್ಡಿಂಗಿಗೆ ನಿಂತಿರುತ್ತಿದ್ದರು.