ಬೆಳೆದವನ ರಾಶಿಯಲ್ಲಿ ಬಡವನ ಪಾಲು



ಬಡತನ ನಿವಾರಣೆ ಬಗ್ಗೆ ಎರಡು ಮಾತಾಡಿ ಅಂತ ನಮಗೆ ಹೇಳಿದ್ದಾರೆ. ನಮ್ಮ ಕಡೆಯ ಯೋಜನೆಗಳ ವಿಚಾರ ತಮಗೆಲ್ಲ ಗೊತ್ತೇ ಇದೆ. ಅದಕ್ಕೇ ದೂರದ ಒಂದು ಸೀಮೆಯ ಸಂಗತಿ ಹೇಳುತ್ತೇವೆ.

ಇಂಡೋನೇಷ್ಯಾದಲ್ಲಿ, ಸುಮಾತ್ರಾ ದ್ವೀಪದ ತುದಿಗೆ, ಅಚೆ ಎಂಬ ಪ್ರಾಂತ್ಯವಿದೆ. 2004ರ ಸುನಾಮಿಯಲ್ಲಿ ಕೊಚ್ಚಿಹೋದ ನಾಡು ಅದೇ. ಅಲ್ಲಿಗೆ 2006ರಲ್ಲಿ ಪ್ರತ್ಯೇಕ ಆಡಳಿತ ಕಾನೂನು ಬಂದಾಗ, ಜಕಾತ್ ಹಣವನ್ನು ಸ್ಥಳೀಯ ಸರ್ಕಾರದ ಆದಾಯದಲ್ಲೇ ಸೇರಿಸಿದರು. ಪ್ರಾಂತ್ಯದಿಂದ ಹಿಡಿದು ಹಳ್ಳಿಯವರೆಗೂ 'ಬೈತುಲ್ ಮಾಲ್' ಎಂಬ ಸಂಸ್ಥೆ ಮಾಡಿದರು. ಸರ್ಕಾರಿ ನೌಕರರ ಸಂಬಳದಲ್ಲೇ ಜಕಾತ್ ಮುರಿದುಕೊಳ್ಳುತ್ತಾರೆ.

ಜಕಾತ್ ಅಂದರೆ ಏನೆಂದು ಇಲ್ಲಿರುವ ಮುಸ್ಲಿಂ ಬಾಂಧವರಿಗೆ ನಾವು ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇವೆ: ಉಳಿತಾಯ ಒಂದು ಮಿತಿ ದಾಟಿ ವರ್ಷ ತುಂಬಿದರೆ ನೂರಕ್ಕೆ ಎರಡೂವರೆ ರೂಪಾಯಿ ಕೊಡಲೇಬೇಕು. ಬೆಳೆಯ ಲೆಕ್ಕ ಬೇರೆ. ಮಳೆ ನೀರಿನಲ್ಲಿ ಬೆಳೆದರೆ ಹತ್ತರಲ್ಲಿ ಒಂದು ಪಾಲು. ಏತ ಹೊಡೆದೋ ಪಂಪು ಹಾಕಿಯೋ ನೀರು ಕಟ್ಟಿದ್ದರೆ ಇಪ್ಪತ್ತರಲ್ಲಿ ಒಂದೇ ಪಾಲು. ಸುಮಾರು ಆರೂವರೆ ಕ್ವಿಂಟಾಲಿಗಿಂತ ಕಡಿಮೆ ಬೆಳೆದವನು ಕೊಡಬೇಕಿಲ್ಲ ಅಂತ ಬಹಳಷ್ಟು ಪಂಡಿತರು ಹೇಳುತ್ತಾರೆ. ಈ ಲೆಕ್ಕ ಹಾಕಿದವರಿಗೆ ರೈತನ ಬೆವರು ಗೊತ್ತಿತ್ತು ಅನ್ನಿ!

ಈ ಹಣ ಪಡೆಯಲು ಕುರಾನಿನಲ್ಲಿ ಎಂಟು ಬಗೆಯ ಜನರನ್ನು ಹೆಸರಿಸಿದೆ. ಕಡುಬಡವರು, ದಾರಿಹೋಕರು ಇದ್ದಾರೆ. ನಮ್ಮ ಮನಸ್ಸಿಗೆ ತಾಗಿದ್ದು ಸಾಲಗಾರ. ನ್ಯಾಯವಾದ ಅಗತ್ಯಕ್ಕೆ ಸಾಲ ಮಾಡಿ, ತೀರಿಸಲಾರದೆ ಕೂತವನೂ ಅದರಲ್ಲಿ ಹಕ್ಕುದಾರ. ನಮ್ಮಂಥ ಸಂಘಗಳಲ್ಲಿ ಅಂಥವನಿಗೆ ಮೊದಲು ಹೋಗುವುದು ನೋಟೀಸು. ವಸೂಲಿ ಬೇಡ ಅನ್ನುತ್ತಿಲ್ಲ, ವಸೂಲಿಯಿಲ್ಲದೆ ಸಂಘ ಇಪ್ಪತ್ತೈದು ವರ್ಷ ನಿಲ್ಲುತ್ತಿರಲಿಲ್ಲ. ಆದರೆ ಮಳೆ ಕೈಕೊಟ್ಟು ಮುಳುಗಿದವನನ್ನೂ ದುಂದು ಮಾಡಿದವನನ್ನೂ ಒಂದೇ ಪಟ್ಟಿಯಲ್ಲಿ ಬರೆಯುವುದು ಸರಿಯೇ?

ಅಚೆಯಲ್ಲಿ ಎಲ್ಲ ಚೆನ್ನಾಗಿದೆ ಅಂತಲೂ ತಿಳಿಯಬೇಡಿ. ಸುಮಾತ್ರಾದಲ್ಲಿ ಬಡತನ ಹೆಚ್ಚಿರುವ ಪ್ರಾಂತ್ಯಗಳಲ್ಲಿ ಅದೂ ಒಂದು. ಜಕಾತ್ ಸರ್ಕಾರದ ಆದಾಯವಾದ ಮೇಲೆ ಖಜಾನೆಗೆ ಹೋಗಬೇಕು, ಬಜೆಟ್ಟಿನಲ್ಲಿ ಮಂಜೂರಾಗಬೇಕು, ಆಮೇಲೆ ಬಡವನ ಕೈಗೆ. ಹಸಿದವನು ಕಡತ ಬರುವ ತನಕ ಕಾಯುತ್ತಾನೆಯೇ? ಲೆಕ್ಕಪತ್ರ ಬಿಗಿಯಾಗಿದ್ದರೆ ಹಣ ಸೋರುವುದಿಲ್ಲ, ನಿಜ. ಹಾಗಂತ ಹಣ ಕೊಡುವವರೂ ಪಡೆಯುವವರೂ ಒಂದೇ ಹಳ್ಳಿಯವರಾಗಿರುವಾಗ ಅದು ಊರೂರು ಸುತ್ತಿ ಬರಬೇಕಾಗಿಲ್ಲ ಅಂತ ನಮಗೆ ಅನಿಸುತ್ತದೆ.

ನಮ್ಮ ಸಂಘದ ಲಾಭದಲ್ಲೂ ಒಂದಿಷ್ಟು ತೆಗೆದಿಟ್ಟು, ಬೆಳೆ ಹೋದ ಬಡ ಸದಸ್ಯರ ಬಾಕಿಗೆ ಜಮಾ ಮಾಡಲು ನಿಯಮದಲ್ಲಿ ದಾರಿಯಿದೆಯೇ ಎಂದು ಕಾರ್ಯದರ್ಶಿಗಳು ನೋಡಬೇಕು. ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ನಾವು ಈ ವಿಷಯ ಎತ್ತುತ್ತೇವೆ. ತಾವೆಲ್ಲ ಬರಬೇಕು.