ಕೊಳಗ ಯಾರ ಕೈಯಲ್ಲಿದೆ?

(ಎಡಕುಮೇರಿಯಲ್ಲಿ ಸೇರಿದ್ದ ದುಡಿಯುವ ಜನರ ಸಭೆಯಲ್ಲಿ ಮಾಡಿದ ಭಾಷಣ)



ಈ ಎಡಕುಮೇರಿಗೆ ಕಂಬಿಯ ಹಾದಿಯೇ ಹಾದಿ. ಘಟ್ಟದಲ್ಲಿ 57 ಸುರಂಗ ಕೊರೆದು ಹಾಸಿದ ಕಂಬಿ ಇದು. 2024ರ ಜುಲೈ 26ರಂದು ಇಲ್ಲಿಗೂ ಕಡಗರವಳ್ಳಿಗೂ ನಡುವೆ ಗುಡ್ಡ ಜರಿದಾಗ ಸುರಿವ ಮಳೆಯಲ್ಲಿ ನಿಂತು ದಾರಿ ಸರಿಮಾಡಿದವರು ನಿಮ್ಮಂಥ ಕೆಲಸಗಾರರೇ. ಇಂಥ ಕಾಡಿನಲ್ಲಿ ನಮ್ಮನ್ನು ಯಾರು ನೋಡುತ್ತಾರೆ ಎಂದು ನೀವು ಕೇಳಬಹುದು. ನಿಮ್ಮ ಜೇಬಿನ ಫೋನು ನೋಡುತ್ತಿದೆ.

ನಾವು ಬಲ್ಲ ಒಬ್ಬ ತೋಟದ ಕೂಲಿಗಾರನ ಮಾತು ಹೇಳುತ್ತೇವೆ. ಹೆಂಡತಿಗೆ ಕಾಯಿಲೆಯಾಯಿತು. ರಾತ್ರಿ ಕುಳಿತು ಆ ಕಾಯಿಲೆಯ ಹೆಸರನ್ನೂ ಆಸ್ಪತ್ರೆಯ ಖರ್ಚನ್ನೂ ಫೋನಿನಲ್ಲಿ ಹುಡುಕಿದ. ಬೆಳಗಾಗುವುದರೊಳಗೆ ಅದೇ ಫೋನಿನಲ್ಲಿ ಸಾಲದ ಜಾಹಿರಾತು: ಜಾಮೀನು ಬೇಡ, ಐದೇ ನಿಮಿಷದಲ್ಲಿ ಹಣ! ಸಾಲ ತೆಗೆದುಕೊಂಡ. ಕಂತು ತಪ್ಪಿದ ದಿನ ಅವನ ಫೋನಿನಲ್ಲಿದ್ದ ನೆಂಟರಿಷ್ಟರಿಗೆಲ್ಲ ಅವನು ಮೋಸಗಾರನೆಂಬ ಸಂದೇಶ ಹೋಯಿತು. ಸಾಲದ ಆ್ಯಪುಗಳು ಫೋನಿನ ಹೆಸರುಪಟ್ಟಿಗೆ ಕೈಹಾಕಕೂಡದೆಂದು ರಿಸರ್ವ್ ಬ್ಯಾಂಕು 2022ರಲ್ಲೇ ಹೇಳಿದೆ. ಆದರೆ ಅದನ್ನು ಅವನಿಗೆ ಹೇಳಿದವರಿರಲಿಲ್ಲ.

ಸಕಲೇಶಪುರದ ನಿಲ್ದಾಣದಲ್ಲಿ ಟಿಕೀಟು ಕೊಡುವವರು ನಿಮ್ಮನ್ನು ಎಲ್ಲಿಗೆ ಎಂದು ಕೇಳುತ್ತಾರೆ. ಯಾತಕ್ಕೆ ಹೋಗುತ್ತೀರಿ, ಜೇಬಿನಲ್ಲಿ ಎಷ್ಟಿದೆ, ಮನೆಯಲ್ಲಿ ಯಾರಿಗೆ ಜ್ವರ ಎಂದು ಕೇಳುವುದಿಲ್ಲ. ಜಾಹಿರಾತಿನ ಕಂಪೆನಿಗಳು ಇದೆಲ್ಲವನ್ನೂ ಕೇಳದೆಯೇ ತಿಳಿದುಕೊಳ್ಳುತ್ತವೆ. ನೀವು ಒಂದು ಪುಟ ತೆರೆದ ಕ್ಷಣದಲ್ಲೇ, ಕಣ್ಣು ಮಿಟುಕಿಸುವಷ್ಟರಲ್ಲಿ, ನಿಮ್ಮ ಗಮನ ಹರಾಜಾಗುತ್ತದೆ. ಹೆಚ್ಚು ಕೂಗಿದವನ ಜಾಹಿರಾತು ನಿಮ್ಮೆದುರು ನಿಲ್ಲುತ್ತದೆ.

ಇದಕ್ಕೆ ಎದುರು ವಾದವಿದೆ. ಅದನ್ನು ಕೇಳುವುದು ನ್ಯಾಯ. ಜಾಹಿರಾತು ಇರುವುದರಿಂದಲೇ ಎಲ್ಲವೂ ಪುಕ್ಕಟೆ ಸಿಗುತ್ತದೆ, ಈ ಬೆಟ್ಟದಲ್ಲಿ ನಾಲ್ಕು ಕೋಣೆ ಬಾಡಿಗೆಗೆ ಕೊಡುವ ಬಡಪಾಯಿಯೂ ಅಲ್ಪ ಹಣದಲ್ಲಿ ಬೆಂಗಳೂರಿನ ಗಿರಾಕಿಯನ್ನು ಮುಟ್ಟಬಲ್ಲ ಎನ್ನುತ್ತಾರೆ. ಮಾತಿನಲ್ಲಿ ಸತ್ಯವಿದೆ. ಆದರೆ ಕಾಫಿ ಬೆಳೆಗಾರರು ಓದುವ ಪತ್ರಿಕೆಯಲ್ಲಿ ಕಾಫಿ ಗೊಬ್ಬರದ ಜಾಹಿರಾತು ಹಾಕಲು ಓದುಗನ ಮನೆಗೆ ಗೂಢಚಾರನನ್ನು ಕಳಿಸಬೇಕಾಗಿಲ್ಲ. ಪುಟದಲ್ಲಿ ಏನಿದೆಯೆಂದು ನೋಡಿ ಜಾಹಿರಾತು ಹಾಕಿದರೆ ಸಾಕು. ಇನ್ನು ಪುಕ್ಕಟೆಯ ಮಾತು: ಫೇಸ್‌ಬುಕ್ಕು, ವಾಟ್ಸ್ಯಾಪುಗಳ ಒಡೆಯನಾದ ಮೆಟಾ ಕಂಪೆನಿ 2024ರಲ್ಲಿ ಜಾಹಿರಾತಿನಿಂದ ಗಳಿಸಿದ್ದು 16,000 ಕೋಟಿ ಡಾಲರಿಗೂ ಮೇಲೆ. ಪುಕ್ಕಟೆ ಕೊಡುವವನ ಕಣಜ ಹೀಗೆ ತುಂಬುವುದುಂಟೆ?

1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತದ್ದು ಗೇಣಿ ಅಳೆಯುವ ಕೊಳಗದ ಮೇಲೆ. ಭತ್ತ ರೈತನದು, ಕೊಳಗ ಒಡೆಯನದು. ಇಂದು ಬದುಕು ನಮ್ಮದು, ಅದನ್ನು ಅಳೆಯುವ ಕೊಳಗ ಕಂಪೆನಿಯದು. ಕೊಳಗದ ಗಾತ್ರವನ್ನು ಕೂಡ ನಮಗೆ ತೋರಿಸುವುದಿಲ್ಲ.

ಕಾನೂನು ಸುಮ್ಮನಿಲ್ಲ. ರಾತ್ರಿ ಪೋಲೀಸರು ಮನೆ ಬಾಗಿಲು ತಟ್ಟುವುದನ್ನು 1962ರ ಖರಕ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತಡೆಯಿತು; ಆದರೆ ಖಾಸಗಿತನ ಮೂಲಭೂತ ಹಕ್ಕಲ್ಲವೆಂದು ಬಹುಮತ ಹೇಳಿತು. ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಅರ್ಜಿ ಹಾಕಿದರು. ಅದರಿಂದಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ ಅದು ಮೂಲಭೂತ ಹಕ್ಕೆಂದು ಸಾರಿದರು. ವಾಟ್ಸ್ಯಾಪಿನ 2021ರ 'ಒಪ್ಪು, ಇಲ್ಲವೆ ಬಿಡು' ಎಂಬ ಷರತ್ತಿಗಾಗಿ ಸ್ಪರ್ಧಾ ಆಯೋಗ 2024ರ ನವೆಂಬರಿನಲ್ಲಿ ಮೆಟಾಕ್ಕೆ 213 ಕೋಟಿ ರೂಪಾಯಿ ದಂಡ ಹಾಕಿತು. ಮರುವರ್ಷ ಮೇಲ್ಮನವಿ ಮಂಡಳಿ ದಂಡವನ್ನು ಉಳಿಸಿತು. ಜಾಹಿರಾತಿಗಾಗಿ ಮಾಹಿತಿ ಹಂಚಿಕೊಳ್ಳುವುದರ ಮೇಲಿದ್ದ ಐದು ವರ್ಷದ ತಡೆಯನ್ನು ತೆಗೆಯಿತು. ಗಳಿಕೆಯ ಮುಂದೆ ಈ ದಂಡ ಎಷ್ಟರದು, ನೀವೇ ಲೆಕ್ಕ ಹಾಕಿ.

2023ರ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯಿದೆ 18 ವರ್ಷದೊಳಗಿನ ಮಕ್ಕಳನ್ನು ಬೆನ್ನುಹತ್ತಿ ಜಾಹಿರಾತು ತೋರಿಸಕೂಡದೆನ್ನುತ್ತದೆ. ಒಪ್ಪಿಗೆಯ ಕೋರಿಕೆಯನ್ನು ಕನ್ನಡದಲ್ಲಿ ಓದುವ ಅವಕಾಶ ಕೊಡಬೇಕೆನ್ನುತ್ತದೆ. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುವುದು ಕೊಟ್ಟಷ್ಟೇ ಸುಲಭವಿರಬೇಕೆನ್ನುತ್ತದೆ. ಇವು ಒಳ್ಳೆಯವು. ಆದರೆ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ; ಮುಖ್ಯ ಕಲಮುಗಳಿಗೆ ಇನ್ನೂ 18 ತಿಂಗಳ ಗಡುವು ಕೊಟ್ಟರು. ಸರ್ಕಾರ ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳುವ ಬಾಗಿಲನ್ನೂ ಇಟ್ಟುಕೊಂಡಿದೆ. ಕಂಪೆನಿಗೆ ಹೇಳುವ ಬುದ್ಧಿ ಸರ್ಕಾರಕ್ಕೂ ಸಲ್ಲಬೇಡವೆ?

ಆದ್ದರಿಂದ ನಾವು ಕೇಳುವುದು ಹೆಚ್ಚೇನಲ್ಲ. ಒಪ್ಪಿಗೆ ಕೇಳುವವರು ಕನ್ನಡದಲ್ಲಿ, ನಾಲ್ಕು ಸಾಲಿನಲ್ಲಿ ಕೇಳಲಿ. ಬೇಡವೆಂದವನಿಗೂ ಸೇವೆ ದೊರೆಯಲಿ. ಕಾಯಿಲೆ, ಸಾಲ, ಜಾತಿ, ಮತಗಳ ಸುಳಿವು ಹಿಡಿದು ಜಾಹಿರಾತು ಹಾಕುವುದು ನಿಲ್ಲಲಿ. ನಾವೂ ಕೈಕಟ್ಟಿ ಕೂರುವುದು ಬೇಡ. ಓದು ಬಲ್ಲ ಹುಡುಗ ಹುಡುಗಿಯರು ಇಂದೇ ಮನೆಯವರ ಫೋನು ತೆಗೆದು, ಯಾವ ಆ್ಯಪು ಹೆಸರುಪಟ್ಟಿ ನೋಡುತ್ತಿದೆ, ಯಾವುದು ಜಾಗ ನೋಡುತ್ತಿದೆ ಎಂದು ಪರೀಕ್ಷಿಸಿ ಬೇಡದ್ದನ್ನು ಮುಚ್ಚಿಸಲಿ.

ಕೊಳಗವನ್ನು ಬೆಳಕಿಗೆ ತರಿಸಿ ನೋಡುವ ಹಕ್ಕು ನಮ್ಮದು. ಅದನ್ನು ಕೇಳಲು ಅಂಜಬೇಕಾಗಿಲ್ಲ.